ಸೊನ್ನೆ ಒತ್ತಿದರೆ ಕರೆ ಎಲ್ಲಿಗೆ ಹೋಗುತ್ತದೆ? ಆಫೀಸ್ ಫೋನಿಗೆ ಔಟ್‌ಬೌಂಡ್ ರೂಟ್ ಹಾಕುವ ಸಮಗ್ರ ಮಾರ್ಗದರ್ಶಿ

ದಾವಣಗೆರೆ ಎಪಿಎಂಸಿ ಹತ್ತಿರದ ಒಂದು ಮೆಕ್ಕೆಜೋಳದ ಮಂಡಿಯಲ್ಲಿ ಆಫೀಸಿನೊಳಗಿನ ಫೋನ್‌ಗಳನ್ನು ಜೋಡಿಸುವ ಹಳೇ ಇಪಿಎಬಿಎಕ್ಸ್ ಡಬ್ಬ ಕಿತ್ತು, ಕಂಪ್ಯೂಟರ್ ನೆಟ್‌ವರ್ಕ್ ಮೇಲೆ ಓಡುವ ಐಪಿ ಫೋನ್ ಕೂರಿಸಿದ್ದೆ. ಮಾರನೇ ದಿನ ಬೆಳಿಗ್ಗೆ ಹತ್ತೂವರೆಗೆ ಅಲ್ಲಿನ ಗುಮಾಸ್ತರ ಫೋನ್ ಬಂತು.

“ಸಾರ್, ಲಾರಿ ಡ್ರೈವರ್‌ಗೆ ಹಚ್ಚಿದ್ರೆ ಯಾರೋ ಹೆಣ್ಮಗಳು ಏನೇನೋ ಮಾತಾಡ್ತಾಳಲ್ರೀ. ತಮಿಳೂ ಅಲ್ಲ, ತೆಲುಗೂ ಅಲ್ಲ.”

ಹೋಗಿ ಪಕ್ಕದಲ್ಲಿ ನಿಂತೆ. “ಈಗ ಒಮ್ಮೆ ಹಚ್ಚಿ, ನೋಡೋಣ” ಅಂದೆ. ಅವರು ರಿಸೀವರ್ ಎತ್ತಿ ಸೊನ್ನೆ ಒತ್ತಿದರು. ಮತ್ತೆ ಸೊನ್ನೆ ಒತ್ತಿದರು. ಆಮೇಲೆ 94ರಿಂದ ಶುರುವಾಗುವ ಡ್ರೈವರ್ ನಂಬರ್.

ಹಳೇ ಡಬ್ಬಕ್ಕೆ ಮೊದಲ ಸೊನ್ನೆ ಅಂದರೆ “ಹೊರಗಿನ ಲೈನ್ ಕೊಡು” ಅಂತ. ಅದು ಇಪ್ಪತ್ತು ವರ್ಷದ ಅಭ್ಯಾಸ, ಬೆರಳು ತಾನಾಗಿ ಅಲ್ಲಿಗೇ ಹೋಗುತ್ತದೆ. ಎರಡನೇ ಸೊನ್ನೆ ಆಮೇಲೆ ಸೇರಿಕೊಂಡಿದ್ದು. 2021ರ ಜನವರಿ 15ರಿಂದ ಲ್ಯಾಂಡ್‌ಲೈನ್‌ನಿಂದ ಯಾವ ಮೊಬೈಲ್‌ಗೆ ಮಾಡಬೇಕಾದರೂ ಮುಂದೆ ಸೊನ್ನೆ ಇರಲೇಬೇಕು ಅನ್ನುವ ನಿಯಮ ಬಂತಲ್ಲ, ಅದು. ಹೊಸ ಸಿಸ್ಟಂಗೆ ಈ ಕಥೆಯೆಲ್ಲ ಎಲ್ಲಿ ಗೊತ್ತು? ಅದಕ್ಕೆ 00 ಕಂಡಿತು, ಐಎಸ್‌ಡಿ ಅಂದುಕೊಂಡಿತು. ಮುಂದೆ 94 ಕಂಡಿತು. ಅದು ಶ್ರೀಲಂಕಾದ ಕೋಡ್. ಹೊನ್ನಾಳಿಯಲ್ಲಿ ಲೋಡ್ ಮಾಡಿಕೊಂಡು ಕಾಯುತ್ತಿದ್ದ ಡ್ರೈವರ್‌ಗೆ ಸೇರಬೇಕಾದ ಕರೆ ಸಮುದ್ರ ದಾಟಿ ಹೋಗಿತ್ತು. ಶ್ರೀಲಂಕಾದ ನಂಬರ್‌ಗೆ 94 ಆದಮೇಲೆ ಒಂಬತ್ತು ಅಂಕಿ ಬೇಕು. ಇಲ್ಲಿ ಎಂಟೇ ಇದ್ದವು. ಹಾಗಾಗಿ ಕರೆ ಯಾರಿಗೂ ಕೂಡದೆ ರೆಕಾರ್ಡಿಂಗ್ ಮಾತ್ರ ಬಂತು. ಬಿಲ್ ಬರಲಿಲ್ಲ, ನಮ್ಮ ಪುಣ್ಯ. ಡ್ರೈವರ್ ನಂಬರ್ 98ರಿಂದ ಶುರುವಾಗಿದ್ದರೆ ಇರಾನ್‌ಗೆ ಹೋಗಲು ನೋಡುತ್ತಿತ್ತು.

ತಪ್ಪು ಗುಮಾಸ್ತರದಲ್ಲ, ನನ್ನದು. ಸಾಹುಕಾರರ ಮಗ ದುಬೈನಲ್ಲಿದ್ದಾನೆ ಅಂತ “00 ಆದಮೇಲೆ ಏನೇ ಇರಲಿ, ಬಿಡು” ಅಂತ ಒಂದು ರೂಟ್ ಬರೆದಿದ್ದೆ. ಔಟ್‌ಬೌಂಡ್ ರೂಟ್ ಅಂದರೆ ಒತ್ತಿದ ನಂಬರ್ ನೋಡಿ ಕರೆ ಯಾವ ಲೈನ್‌ನಿಂದ ಹೊರಗೆ ಹೋಗಬೇಕು ಅಂತ ಸಿಸ್ಟಂಗೆ ಹೇಳುವ ನಿಯಮ. ಆ ಆಫೀಸಿನ ಜನ ಫೋನ್ ಹೇಗೆ ಒತ್ತುತ್ತಾರೆ ಅಂತ ಒಂದು ದಿನವೂ ಕೂತು ನೋಡಿರಲಿಲ್ಲ. ಅದನ್ನು ನೋಡದೆ ರೂಟ್ ಬರೆಯಲು ಕೂರಬೇಡಿ. ಉಳಿದದ್ದೆಲ್ಲ ಸುಲಭ.

ಇಲ್ಲಿ ಆ ಮಂಡಿಯ ಜೋಡಣೆಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಸಾಫ್ಟ್‌ವೇರ್ ಫ್ರೀಪಿಬಿಎಕ್ಸ್, ಅದರೊಳಗೆ ಕರೆಗಳನ್ನು ಜೋಡಿಸುತ್ತಾ ಓಡುವುದು ಆಸ್ಟರಿಸ್ಕ್. ಬೇರೆ ಸಿಸ್ಟಂ ಇದ್ದರೆ ಪರದೆಯ ಹೆಸರುಗಳು ಬದಲಾಗುತ್ತವೆ, ಲೆಕ್ಕಾಚಾರ ಹೆಚ್ಚುಕಮ್ಮಿ ಇದೇ. ದಾವಣಗೆರೆಯಲ್ಲಿ ಹನ್ನೆರಡು ಫೋನ್, 201ರಿಂದ 212. ಚಿತ್ರದುರ್ಗದ ಶಾಖೆಯಲ್ಲಿ ನಾಲ್ಕು, 301ರಿಂದ 304. ಶಾಖೆಯ ಫೋನ್‌ಗಳು ವಿಪಿಎನ್ (ಇಂಟರ್‌ನೆಟ್ ಮೇಲಿನ ಖಾಸಗಿ ದಾರಿ) ಮೂಲಕ ದಾವಣಗೆರೆಯ ಸಿಸ್ಟಂಗೇ ಸೇರಿಕೊಂಡಿವೆ.

ಮೊದಲು ನೋಟ್‌ಬುಕ್

ಒಂದು ನೂರು ಪುಟದ ನೋಟ್‌ಬುಕ್ ತಗೊಂಡು ಆಫೀಸಿನಲ್ಲಿ ಅರ್ಧ ದಿನ ಕೂತುಕೊಳ್ಳಿ. ಯಾರು ಯಾರಿಗೆ ಮಾಡುತ್ತಾರೆ, ಹೇಗೆ ಒತ್ತುತ್ತಾರೆ, ಅಷ್ಟೇ ಬರೆಯಿರಿ. ಮಂಡಿಯಲ್ಲಿ ಸಿಕ್ಕಿದ್ದು ಹೀಗಿತ್ತು.

ಊರೊಳಗಿನ ಲ್ಯಾಂಡ್‌ಲೈನ್‌ಗೆ ಕೆಲವರು ಬರೀ ಆರು ಅಂಕಿ ಒತ್ತುತ್ತಾರೆ, 2ರಿಂದ ಶುರು. ಕೆಲವರು ಅದಕ್ಕೂ ಮುಂದೆ ಸೊನ್ನೆ ಹಾಕುತ್ತಾರೆ, ಹಳೇ ಡಬ್ಬದ ಅಭ್ಯಾಸ. ಅಕೌಂಟ್ಸ್ ಹುಡುಗಿ ಮಾತ್ರ ಯಾವಾಗಲೂ 08192 ಸೇರಿಸಿ ಪೂರ್ತಿ ಒತ್ತುತ್ತಾಳೆ. ಮೊಬೈಲ್‌ಗೆ ಚಿಕ್ಕ ವಯಸ್ಸಿನವರು ತಮ್ಮ ಕೈಫೋನಿನಲ್ಲಿ ಒತ್ತುವ ಹಾಗೆ ಹತ್ತೇ ಅಂಕಿ. ನಡುವಯಸ್ಸಿನವರು ಒಂದು ಸೊನ್ನೆ, ಹತ್ತು ಅಂಕಿ. ಗುಮಾಸ್ತರು ಎರಡು ಸೊನ್ನೆ, ಹತ್ತು ಅಂಕಿ. ಬ್ಯಾಂಕಿಗೆ 1800ರ ನಂಬರ್. ಕರೆಂಟ್ ಹೋದರೆ 1912. ದುಬೈಗೆ ಸಾಹುಕಾರರು ಒಬ್ಬರೇ, ಅದೂ ಅವರ ಕೋಣೆಯ 201ರಿಂದ.

ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಗುಮಾಸ್ತರು ಮೊದಲ ಸೊನ್ನೆ ಒತ್ತಿ ಸ್ವಲ್ಪ ಹೊತ್ತು ಸುಮ್ನೆ ಕಾಯುತ್ತಾರೆ. ಹಳೇ ಡಬ್ಬದಲ್ಲಿ ಗುಂಯ್ ಅಂತ ಇನ್ನೊಂದು ಟೋನ್ ಬರುತ್ತಿತ್ತಲ್ವಾ, ಅದಕ್ಕೆ. ಐಪಿ ಫೋನ್‌ಗೆ ಅಷ್ಟು ತಾಳ್ಮೆ ಇಲ್ಲ. ಕೆಲವು ಸೆಕೆಂಡ್ ಏನೂ ಒತ್ತದಿದ್ದರೆ ನಂಬರ್ ಮುಗಿಯಿತು ಅಂದುಕೊಂಡು ಬರೀ “0” ಅಂತ ಸಿಸ್ಟಂಗೆ ಕಳಿಸಿಬಿಡುತ್ತದೆ. ಇದು ರೂಟ್‌ನ ತಪ್ಪಲ್ಲ, ಫೋನಿನೊಳಗಿನ ಸೆಟ್ಟಿಂಗ್. ಫೋನಿನ ವೆಬ್ ಪುಟಕ್ಕೆ ಹೋಗಿ ಅಂಕಿಗಳ ನಡುವೆ ಕಾಯುವ ಸಮಯವನ್ನು ಜಾಸ್ತಿ ಮಾಡಿ. ಅಲ್ಲೇ ಫೋನಿನದೇ ಆದ ಡಯಲ್ ಪ್ಲಾನ್, ಅಂದರೆ ನಂಬರ್ ಎಲ್ಲಿಗೆ ಮುಗಿಯುತ್ತದೆ ಅಂತ ಗುರುತಿಸುವ ನಿಯಮಗಳು ಕೂಡ ಇರುತ್ತವೆ. ಹೊರದೇಶದ ನಂಬರ್‌ಗಳಿಗೆ ಹೊಂದುವ ನಿಯಮ ಅದರಲ್ಲಿ ಮೊದಲೇ ತುಂಬಿದ್ದರೆ ನಮ್ಮ ನಂಬರ್‌ಗಳನ್ನು ಅರ್ಧಕ್ಕೇ ಕತ್ತರಿಸುತ್ತದೆ. ಖಾಲಿ ಮಾಡುವುದೇ ವಾಸಿ.

ಟ್ರಂಕ್: ಹೊರಗೆ ಹೋಗುವ ಬಾಗಿಲು

ಟ್ರಂಕ್ ಅಂದರೆ ಸಿಸ್ಟಂನಿಂದ ಹೊರಗೆ ಹೋಗುವ ಲೈನ್. ಅದಿಲ್ಲದೆ ರೂಟ್ ಬರೆಯಲು ಬರುವುದಿಲ್ಲ. ಮಂಡಿಯಲ್ಲಿ ಮೂರು ಇವೆ. ಒಂದು, ಫೈಬರ್ ಮೇಲೆ ಬಂದ ಸಿಪ್ ಟ್ರಂಕ್, ಅಂದರೆ ಕರೆಯನ್ನು ಡೇಟಾ ಆಗಿ ಒಯ್ಯುವ ಲೈನ್. ಎರಡು, ಹಳೇ ಎರಡು ತಾಮ್ರದ ಲ್ಯಾಂಡ್‌ಲೈನ್, ಅವನ್ನು ಎಫ್‌ಎಕ್ಸ್‌ಓ ಗೇಟ್‌ವೇ ಅನ್ನುವ ಚಿಕ್ಕ ಡಬ್ಬಕ್ಕೆ ಸಿಕ್ಕಿಸಿದೆ. ಮೂರು, ಚಿತ್ರದುರ್ಗದ ಶಾಖೆಯ ಲ್ಯಾಂಡ್‌ಲೈನ್, ಅದಕ್ಕೂ ಅಲ್ಲಿಯೇ ಒಂದು ಗೇಟ್‌ವೇ.

“ಕನೆಕ್ಟಿವಿಟಿ” ಮೆನುವಿನಲ್ಲಿ “ಟ್ರಂಕ್ಸ್”, ಅಲ್ಲಿ “ಆ್ಯಡ್ ಟ್ರಂಕ್”, ಅದರಲ್ಲಿ ಪಿಜೆಸಿಪ್ ಆರಿಸಿ. ಲೈನ್ ಕೊಟ್ಟ ಕಂಪನಿ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟಿದ್ದರೆ ತುಂಬಿ. ಕೊಡದೆ ಬರೀ ಐಪಿ ವಿಳಾಸ ಕೊಟ್ಟಿದ್ದರೆ ರಿಜಿಸ್ಟ್ರೇಷನ್ ಮತ್ತು ಅಥೆಂಟಿಕೇಷನ್ ಎರಡಕ್ಕೂ “ನನ್” ಹಾಕಿ. ಕೋಡೆಕ್ ಅಂದರೆ ದನಿಯನ್ನು ಡೇಟಾ ಮಾಡುವ ರೀತಿ. ಅದರ ಪಟ್ಟಿಯಲ್ಲಿ ಎ-ಲಾ ಮೇಲಿರಲಿ, ನಮ್ಮ ದೇಶದಲ್ಲಿ ಬಳಕೆಯಲ್ಲಿರುವುದು ಅದೇ. “ಮ್ಯಾಕ್ಸಿಮಮ್ ಚಾನೆಲ್ಸ್”ನಲ್ಲಿ ಒಟ್ಟಿಗೆ ಎಷ್ಟು ಕರೆ ಹೋಗಬಹುದೋ ಅಷ್ಟು ಬರೆಯಿರಿ. ಎರಡು ಲ್ಯಾಂಡ್‌ಲೈನ್ ಇರುವ ಗೇಟ್‌ವೇಗೆ 2. ಇನ್ನೂ ಪಿಆರ್‌ಐ (ಒಂದೇ ಲೈನ್‌ನಲ್ಲಿ ಹಲವು ಕರೆ ಒಯ್ಯುವ ಹಳೇ ಬಗೆ) ಇಟ್ಟುಕೊಂಡಿರುವವರಿಗೆ ಒಂದು ಲೈನ್‌ಗೆ 30.

ಲೈನನ್ನು ಲೈಸೆನ್ಸ್ ಇರುವ ಕಂಪನಿಯಿಂದಲೇ ತಗೊಳ್ಳಿ. ಹತ್ತಾರು ಸಿಮ್ ಹಾಕಿದ ಡಬ್ಬ ತಂದು “ಕಮ್ಮಿ ರೇಟ್‌ಗೆ ಕರೆ ಕೊಡುತ್ತೇವೆ” ಅನ್ನುವವರು ಬಂದರೆ ಚಹಾ ಕುಡಿಸಿ ಕಳಿಸಿ. ಅನಧಿಕೃತ ಸಿಮ್ ಬಾಕ್ಸ್ ಅಂತ ಪೊಲೀಸರು ಬಂದು ಬಾಗಿಲು ತಟ್ಟುವುದು ಯಾರಿಗೆ ಬೇಕು?

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ಜನ ಒತ್ತುವ ರೀತಿಯನ್ನು ಸರಿಪಡಿಸುವುದು ರೂಟ್‌ನ ಕೆಲಸ. ಕಂಪನಿ ಕೇಳುವ ರೀತಿಗೆ ನಂಬರ್ ಬದಲಿಸುವುದು ಟ್ರಂಕ್‌ನ ಕೆಲಸ. ಎರಡನ್ನೂ ಒಂದೇ ಕಡೆ ಕಲಸಿದರೆ ಆರು ತಿಂಗಳಾದ ಮೇಲೆ ನಿಮಗೇ ತಲೆಬುಡ ತಿಳಿಯುವುದಿಲ್ಲ. ನಾನು ಮಾಡುವುದು ಹೀಗೆ. ಯಾರು ಹೇಗೇ ಒತ್ತಲಿ, ರೂಟ್‌ನಿಂದ ಹೊರಬರುವಾಗ ನಂಬರ್ ಒಂದೇ ರೂಪದಲ್ಲಿರಬೇಕು: ಒಂದು ಸೊನ್ನೆ, ಆಮೇಲೆ ಹತ್ತು ಅಂಕಿ. ಮೊಬೈಲ್ ಆದರೂ ಅಷ್ಟೇ, ಲ್ಯಾಂಡ್‌ಲೈನ್ ಆದರೂ ಅಷ್ಟೇ. ನಮ್ಮ 8192 ಮತ್ತು ಆರು ಅಂಕಿ ಸೇರಿದರೂ ಹತ್ತೇ ಆಗುತ್ತದೆ, ಬೆಂಗಳೂರಿನ 80 ಮತ್ತು ಎಂಟು ಅಂಕಿ ಸೇರಿದರೂ ಹತ್ತೇ.

ಆಮೇಲೆ ಟ್ರಂಕ್‌ನ “ಡಯಲ್ಡ್ ನಂಬರ್ ಮ್ಯಾನಿಪ್ಯುಲೇಷನ್ ರೂಲ್ಸ್” ಟ್ಯಾಬ್‌ನಲ್ಲಿ ಆಯಾ ಲೈನ್‌ಗೆ ಬೇಕಾದ ಬದಲಾವಣೆ. ಸಿಪ್ ಟ್ರಂಕ್‌ನವರು +91 ಕೇಳಿದರೆ, ಅಲ್ಲಿ ಸೊನ್ನೆ ತೆಗೆದು +91 ಸೇರಿಸಿ. ತಾಮ್ರದ ಲೈನ್‌ಗೆ ಊರೊಳಗಿನ ನಂಬರ್ ಆರೇ ಅಂಕಿ ಸಾಕು, ಅಲ್ಲಿ 08192 ತೆಗೆಯಿರಿ. ಚಿತ್ರದುರ್ಗದ ಲೈನ್‌ನಲ್ಲಿ 08194 ತೆಗೆಯಿರಿ. ಕಂಪನಿ ಬದಲಾಯಿಸಿದ ದಿನ ಈ ಒಂದು ಟ್ಯಾಬ್ ತಿದ್ದಿದರೆ ಸಾಕು, ರೂಟ್‌ಗಳನ್ನು ಮುಟ್ಟುವ ಹಾಗೇ ಇಲ್ಲ.

ನಾಲ್ಕು ಬಾಕ್ಸ್, ಕೆಲವು ಗುರುತು

“ಕನೆಕ್ಟಿವಿಟಿ”ಯಲ್ಲಿ “ಔಟ್‌ಬೌಂಡ್ ರೂಟ್ಸ್” ತೆರೆದು ಹೊಸದೊಂದು ರೂಟ್ ಶುರು ಮಾಡಿ. ಮೊದಲ ಟ್ಯಾಬ್‌ನಲ್ಲಿ ರೂಟ್‌ನ ಹೆಸರು ಮತ್ತು ಕೆಳಗೆ ಟ್ರಂಕ್‌ಗಳ ಸಾಲು. “ಡಯಲ್ ಪ್ಯಾಟರ್ನ್ಸ್” ಟ್ಯಾಬ್‌ನಲ್ಲಿ ಪ್ರತಿ ಸಾಲಿಗೂ ನಾಲ್ಕು ಬಾಕ್ಸ್ ಇರುತ್ತವೆ.

“ಪ್ರಿಪೆಂಡ್” ಅಂದರೆ ಮುಂದೆ ಸೇರಿಸಬೇಕಾದ್ದು. “ಪ್ರಿಫಿಕ್ಸ್” ಅಂದರೆ ಗುರುತು ಹಿಡಿದು ಕಿತ್ತು ಹಾಕಬೇಕಾದ್ದು. “ಮ್ಯಾಚ್ ಪ್ಯಾಟರ್ನ್” ಅಂದರೆ ಕಿತ್ತಮೇಲೆ ಉಳಿದ ನಂಬರ್ ಹೇಗಿರಬೇಕು ಅನ್ನುವ ಅಚ್ಚು. ಕೊನೆಯ “ಕಾಲರ್‌ಐಡಿ” ಅಂದರೆ ಯಾವ ಒಳಗಿನ ಫೋನಿಗೆ ಈ ಸಾಲು ಅನ್ವಯ. ಬಹಳ ಜನ ಈ ಕೊನೆಯ ಬಾಕ್ಸನ್ನು ಹೊರಗೆ ತೋರಿಸುವ ನಂಬರ್ ಅಂದುಕೊಂಡು ತಮ್ಮ ಲ್ಯಾಂಡ್‌ಲೈನ್ ತುಂಬುತ್ತಾರೆ. ಆಮೇಲೆ ಒಂದು ಕರೆಯೂ ಹೋಗುವುದಿಲ್ಲ. ಅಲ್ಲಿ ಬರೆಯಬೇಕಾದ್ದು 201ರಂಥ ಎಕ್ಸ್‌ಟೆನ್ಷನ್, ಅಂದರೆ ಒಳಗಿನ ಫೋನಿನ ನಂಬರ್. ಎಲ್ಲರಿಗೂ ಬೇಕಾದರೆ ಖಾಲಿ ಬಿಡಿ.

ಅಚ್ಚು ಬರೆಯಲು ಇಂಗ್ಲಿಷ್ ಅಕ್ಷರ ಬಳಸುತ್ತಾರೆ. ಎಕ್ಸ್ ಅಂದರೆ 0ರಿಂದ 9ರವರೆಗೆ ಯಾವ ಅಂಕಿಯಾದರೂ ಒಂದು. ಜೆಡ್ ಅಂದರೆ 1ರಿಂದ 9. ಎನ್ ಅಂದರೆ 2ರಿಂದ 9. ಚೌಕ ಕಂಸದಲ್ಲಿ [6-9] ಅಂತ ಬರೆದರೆ 6, 7, 8, 9ರಲ್ಲಿ ಯಾವುದಾದರೂ ಒಂದು. ಚುಕ್ಕಿ ಹಾಕಿದರೆ “ಇನ್ನು ಮುಂದೆ ಒಂದೋ ಅದಕ್ಕಿಂತ ಜಾಸ್ತಿಯೋ ಏನೇ ಬರಲಿ” ಅಂತ ಅರ್ಥ. ಬೇರೇನೂ ಇಲ್ಲದೆ ಬರೀ ಚುಕ್ಕಿ ಹಾಕಿದ ರೂಟ್ ಎಲ್ಲವನ್ನೂ ನುಂಗುತ್ತದೆ. ಇಂಟರ್‌ನೆಟ್‌ನಲ್ಲಿ ಸಿಗುವ ಅರ್ಧಕ್ಕರ್ಧ ವಿಡಿಯೊಗಳು ಇದನ್ನೇ ಹೇಳಿಕೊಡುತ್ತವೆ, “ಕರೆ ಹೋಯ್ತಲ್ಲ, ಸಾಕು” ಅಂತ. ಶ್ರೀಲಂಕಾದ ಹೆಣ್ಮಗಳು ಅದೇ ಚುಕ್ಕಿಯಿಂದ ಬಂದವಳು.

ಸಿಸ್ಟಂ ರೂಟ್‌ಗಳನ್ನು ಮೇಲಿನಿಂದ ಕೆಳಕ್ಕೆ ನೋಡುತ್ತದೆ. ಮೊದಲು ಯಾವುದು ಹೊಂದಿತೋ ಅದೇ ಕೊನೆ, ಕೆಳಗಿನದನ್ನು ನೋಡುವುದೇ ಇಲ್ಲ. ಆ ರೂಟ್‌ನ ಟ್ರಂಕ್‌ಗಳೆಲ್ಲ ಕೈಕೊಟ್ಟರೂ ಕೆಳಗಿನ ರೂಟ್‌ಗೆ ಇಳಿಯುವುದಿಲ್ಲ. ಆದರೆ ಒಂದೇ ರೂಟ್‌ನೊಳಗಿನ ಸಾಲುಗಳಿಗೆ ಮೇಲೆ ಕೆಳಗೆ ಅನ್ನುವ ಲೆಕ್ಕವಿಲ್ಲ, ಹೆಚ್ಚು ಬಿಗಿಯಾಗಿ ಹೊಂದುವ ಸಾಲು ಗೆಲ್ಲುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಸಾಲುಗಳನ್ನು ಮೇಲೆ ಕೆಳಗೆ ಎಳೆದಾಡಿ ನಾನು ಒಂದು ಸಂಜೆ ಕಳೆದಿದ್ದೇನೆ.

ಮಂಡಿಯ ರೂಟ್‌ಗಳು, ಮೇಲಿನಿಂದ ಕೆಳಕ್ಕೆ

ಎಲ್ಲಕ್ಕಿಂತ ಮೇಲೆ ತುರ್ತು ಕರೆ. 112, 100, 101, 108 ಇಷ್ಟನ್ನೂ ಹಾಗೇ ಮ್ಯಾಚ್ ಪ್ಯಾಟರ್ನ್‌ನಲ್ಲಿ ಬರೆಯಿರಿ. ಅವಕ್ಕೇ ಇನ್ನೊಂದು ಸಲ ಪ್ರಿಫಿಕ್ಸ್ 0 ಹಾಕಿ ಬರೆಯಿರಿ. ಬೆಂಕಿ ಬಿದ್ದ ಗಾಬರಿಯಲ್ಲಿ ಬೆರಳು ಹಳೇ ಅಭ್ಯಾಸಕ್ಕೇ ಹೋಗುತ್ತದೆ, 0 ಒತ್ತಿ 101 ಒತ್ತುತ್ತಾರೆ. ರೂಟ್ ಟೈಪ್‌ನಲ್ಲಿ “ಎಮರ್ಜೆನ್ಸಿ” ಆರಿಸಿ, ಪಾಸ್‌ವರ್ಡ್ ಮಾತ್ರ ಹಾಕಲೇಬೇಡಿ. ಟ್ರಂಕ್ ಸಾಲಿನಲ್ಲಿ ಮೊದಲು ಊರಿನ ತಾಮ್ರದ ಲೈನ್, ಆಮೇಲೆ ಸಿಪ್. ಸಿಪ್ ಟ್ರಂಕ್‌ನ ನಂಬರ್ ಬೆಂಗಳೂರಿನ 080 ಆಗಿದ್ದರಂತೂ ಇದು ಬಹಳ ಮುಖ್ಯ. ನಂಬರ್ ನೋಡಿದವರಿಗೆ ನೀವು ಬೆಂಗಳೂರಿನಲ್ಲಿ ಇದ್ದ ಹಾಗೆ ಕಾಣುತ್ತದೆ.

ಚಿತ್ರದುರ್ಗದ ನಾಲ್ಕು ಫೋನ್‌ಗಳ ತುರ್ತು ಕರೆಗೆ ಬೇರೆಯೇ ರೂಟ್ ಬೇಕು, ಅದು ಇದಕ್ಕಿಂತಲೂ ಮೇಲಿರಬೇಕು. ಅದೇ ನಂಬರ್‌ಗಳು, ಕಾಲರ್‌ಐಡಿ ಬಾಕ್ಸ್‌ನಲ್ಲಿ 3 ಮತ್ತು ಎರಡು ಎಕ್ಸ್, ಟ್ರಂಕ್ ಚಿತ್ರದುರ್ಗದ್ದು. ಇಲ್ಲದಿದ್ದರೆ ಅಲ್ಲಿ ಯಾರಿಗೋ ಎದೆನೋವು ಬಂದು 108 ಒತ್ತಿದರೆ ಕರೆ ಸುಮಾರು ಅರವತ್ತು ಕಿಲೋಮೀಟರ್ ಆಚೆಯ ದಾವಣಗೆರೆಯ ಲೈನ್‌ನಿಂದ ಹೊರಡುತ್ತದೆ.

ಮುಂದಿನದು ಚಿತ್ರದುರ್ಗ ಶಾಖೆಯ ಮಾಮೂಲಿ ಕರೆಗಳು. ಆ ಶಾಖೆಯವರು ಆರು ಅಂಕಿ ಒತ್ತಿದರೆ ಅದು ಚಿತ್ರದುರ್ಗದ ನಂಬರ್, ದಾವಣಗೆರೆಯದಲ್ಲ. ಹಾಗಾಗಿ ಪ್ರಿಪೆಂಡ್ 08194, ಮ್ಯಾಚ್‌ನಲ್ಲಿ 2 ಮತ್ತು ಐದು ಎಕ್ಸ್, ಕಾಲರ್‌ಐಡಿಯಲ್ಲಿ 3 ಮತ್ತು ಎರಡು ಎಕ್ಸ್. ಮೊಬೈಲ್, ಎಸ್‌ಟಿಡಿ, 1800 ಸಾಲುಗಳನ್ನೂ ಇದೇ ಕಾಲರ್‌ಐಡಿ ಹಾಕಿ ಇಲ್ಲಿಯೇ ಬರೆದು ಅಲ್ಲಿನ ಟ್ರಂಕ್‌ಗೆ ಕಳಿಸಿ. ಆ ಊರಿನ ಫೋನ್, ಆ ಊರಿನ ಲೈನ್. ಲೆಕ್ಕವೂ ಸರಳ.

ಆಮೇಲೆ ದಾವಣಗೆರೆಯ ಲೋಕಲ್. ಒಂದು ಸಾಲಿನಲ್ಲಿ ಪ್ರಿಪೆಂಡ್ 08192, ಮ್ಯಾಚ್ 2 ಮತ್ತು ಐದು ಎಕ್ಸ್. ಇನ್ನೊಂದು ಸಾಲಿನಲ್ಲಿ ಅದೇ, ಪ್ರಿಫಿಕ್ಸ್‌ನಲ್ಲಿ 0 ಸೇರಿಸಿ. ಸೊನ್ನೆ ಒತ್ತುವವರು, ಒತ್ತದವರು ಇಬ್ಬರಿಗೂ ಆಯ್ತು. ಒಳಗಿನ 201, 202ರ ಜೊತೆ ಇದು ಗೊಂದಲವಾಗುವುದಿಲ್ಲ, ಅಲ್ಲಿ ಮೂರು ಅಂಕಿ, ಇಲ್ಲಿ ಆರು.

1800 ಮತ್ತು 1912, 1930ರಂಥ ಚಿಕ್ಕ ನಂಬರ್‌ಗಳಿಗೆ ಒಂದು ರೂಟ್. 1800ರ ನಂಬರ್‌ಗಳ ಉದ್ದ ಒಂದೇ ಥರ ಇರುವುದಿಲ್ಲ, ರೂಟ್‌ಗಳ ಪೈಕಿ ಇಲ್ಲಿ ಮಾತ್ರ ಚುಕ್ಕಿ ಹಾಕುವುದು ಸರಿ: 1800 ಮತ್ತು ಚುಕ್ಕಿ. ಕೆಲವು ಸಿಪ್ ಟ್ರಂಕ್‌ಗಳಲ್ಲಿ ಇವು ಹೋಗುವುದಿಲ್ಲ, ತಾಮ್ರದ ಲೈನನ್ನು ಮುಂದಿಡಿ. 1860 ಫ್ರೀ ಅಲ್ಲ, ಅದಕ್ಕೆ ದುಡ್ಡು ಬೀಳುತ್ತದೆ. ಅದನ್ನು ಬಿಡಬೇಕೋ ಬೇಡವೋ ಸಾಹುಕಾರರನ್ನೇ ಕೇಳಿ.

ಈಗ ಗುಮಾಸ್ತರ ರೂಟ್. ನಾನು ಅದಕ್ಕೆ “ಹಳೇ ಅಭ್ಯಾಸ” ಅಂತಲೇ ಹೆಸರಿಟ್ಟಿದ್ದೇನೆ. ಪ್ರಿಫಿಕ್ಸ್ 0. ಮ್ಯಾಚ್‌ನಲ್ಲಿ 0[6-9] ಬರೆದು ಮುಂದೆ ಒಂಬತ್ತು ಎಕ್ಸ್. ಅಂದರೆ 00 ಆದಮೇಲೆ ಸರಿಯಾಗಿ ಹತ್ತು ಅಂಕಿ, ಅದು 6ರಿಂದ 9ರೊಳಗೆ ಶುರುವಾಗಬೇಕು. ಮೊದಲ ಸೊನ್ನೆ ಉದುರಿ ಉಳಿದದ್ದು ಮೊಬೈಲ್ ನಂಬರ್ ಆಗಿ ಹೋಗುತ್ತದೆ. ಶ್ರೀಲಂಕಾಕ್ಕೆ ನಿಜವಾಗಿ ಮಾಡುವವರು ಒಟ್ಟು ಹದಿಮೂರು ಅಂಕಿ ಒತ್ತುತ್ತಾರೆ, ಗುಮಾಸ್ತರು ಹನ್ನೆರಡು. ಆ ಒಂದು ಅಂಕಿಯ ವ್ಯತ್ಯಾಸದ ಮೇಲೆ ಇಡೀ ರೂಟ್ ನಿಂತಿದೆ. ಸಿಂಗಾಪುರದಂಥ ಕೆಲವು ದೇಶಗಳಿಗೆ ಇದು ಕೆಲಸ ಕೆಡಿಸುತ್ತದೆ. ಸಿಂಗಾಪುರದ ಕೋಡ್ 65, ನಂಬರ್ ಎಂಟು ಅಂಕಿ, ಸೇರಿದರೆ ಹತ್ತೇ ಆಗುತ್ತದೆ. ನಿಮ್ಮ ಆಫೀಸಿನಿಂದ ಸಿಂಗಾಪುರಕ್ಕೆ ಕರೆ ಹೋಗುವುದಾದರೆ [6-9] ಬದಲು [7-9] ಬರೆಯಿರಿ. 6ರಿಂದ ಶುರುವಾಗುವ ಮೊಬೈಲ್‌ಗಳಿಗೆ ಒಂದೇ ಸೊನ್ನೆ ಒತ್ತಿ ಅಂತ ಹೇಳಿಕೊಟ್ಟರಾಯ್ತು.

ಮಾಮೂಲಿ ಮೊಬೈಲ್, ಎಸ್‌ಟಿಡಿಗೆ ಎರಡೇ ಸಾಲು. ಒಂದು, 0, ಜೆಡ್, ಒಂಬತ್ತು ಎಕ್ಸ್. ಇದು ಸೊನ್ನೆ ಹಾಕಿ ಒತ್ತುವವರಿಗೆ, ಏನನ್ನೂ ಕೂಡಿಸಬೇಕಿಲ್ಲ. ಇನ್ನೊಂದು, ಪ್ರಿಪೆಂಡ್ 0, ಮ್ಯಾಚ್ [6-9] ಮತ್ತು ಒಂಬತ್ತು ಎಕ್ಸ್. ಇದು ಹತ್ತೇ ಅಂಕಿ ಒತ್ತುವ ಹುಡುಗರಿಗೆ. ಟ್ರಂಕ್ ಸಾಲಿನಲ್ಲಿ ಮೊದಲು ಸಿಪ್, ಆಮೇಲೆ ತಾಮ್ರ. ಸಿಪ್ ಬಿದ್ದುಹೋದರೂ, ಅದರ ಚಾನೆಲ್‌ಗಳೆಲ್ಲ ತುಂಬಿದರೂ ಕರೆ ತಾನಾಗಿ ತಾಮ್ರದ ಲೈನ್ ಹಿಡಿಯುತ್ತದೆ. ಆ ಕಡೆಯವರ ಫೋನ್ ಬ್ಯುಸಿ ಇದ್ದರೆ ಮಾತ್ರ ಹೀಗಾಗುವುದಿಲ್ಲ, ಬ್ಯುಸಿ ಅಂತಲೇ ಬರುತ್ತದೆ. ಅದು ಸರಿ ಕೂಡ.

ಎಲ್ಲಕ್ಕಿಂತ ಕೆಳಗೆ ಐಎಸ್‌ಡಿ. “00 ಮತ್ತು ಚುಕ್ಕಿ” ಬೇಡ. ಬೇಕಾದ ದೇಶ ಮಾತ್ರ. ದುಬೈ ಲ್ಯಾಂಡ್‌ಲೈನ್‌ಗೆ 00971 ಮತ್ತು ಎಂಟು ಎಕ್ಸ್, ಅಲ್ಲಿನ ಮೊಬೈಲ್‌ಗೆ 00971 ಮತ್ತು ಒಂಬತ್ತು ಎಕ್ಸ್. ಎರಡಕ್ಕೂ ಕಾಲರ್‌ಐಡಿ 201. ಮೇಲೆ “ರೂಟ್ ಪಾಸ್‌ವರ್ಡ್” ಒಂದು. ಟ್ರಂಕ್ ಸಿಪ್ ಮಾತ್ರ. ಈ ರೂಟ್ ಹೋಗುವ ಟ್ರಂಕ್‌ನಲ್ಲಿ ಸೊನ್ನೆ ತೆಗೆದು +91 ಹಾಕುವ ನಿಯಮ ಇದೆಯಲ್ವಾ, ಅದರ ಅಚ್ಚು ಜೆಡ್ ಮತ್ತು ಒಂಬತ್ತು ಎಕ್ಸ್ ಅಂತ ಬಿಗಿಯಾಗಿರಲಿ. ಸಡಿಲವಾಗಿದ್ದರೆ 00971ರ ಮೊದಲ ಸೊನ್ನೆಯನ್ನೂ ಕಿತ್ತು +91 ಅಂಟಿಸಿಬಿಡುತ್ತದೆ. ಕಂಪನಿ ಐಎಸ್‌ಡಿಗೂ + ಕೇಳಿದರೆ ಅದಕ್ಕೆ ಬೇರೆ ಸಾಲು: ಪ್ರಿಫಿಕ್ಸ್ 00, ಪ್ರಿಪೆಂಡ್ +, ಮ್ಯಾಚ್‌ನಲ್ಲಿ 971 ಮತ್ತು ಚುಕ್ಕಿ.

ಪ್ರತಿ ರೂಟ್ ಆದಮೇಲೆ “ಸಬ್ಮಿಟ್”, ಎಲ್ಲ ಮುಗಿದ ಮೇಲೆ ಮೇಲ್ಗಡೆ ಕೆಂಪಗೆ ಕಾಣುವ “ಅಪ್ಲೈ ಕಾನ್ಫಿಗ್”. ಅದನ್ನು ಒತ್ತದಿದ್ದರೆ ಬರೆದದ್ದೆಲ್ಲ ಪರದೆಯ ಮೇಲಷ್ಟೇ ಇರುತ್ತದೆ. ರೂಟ್‌ಗಳ ಪಟ್ಟಿಯಲ್ಲಿ ಎಳೆದು ಮೇಲೆ ಕೆಳಗೆ ಮಾಡಿದಾಗಲೂ ಒತ್ತಬೇಕು.

ಆ ಕಡೆ ಯಾವ ನಂಬರ್ ಕಾಣಬೇಕು

ಟ್ರಂಕ್‌ನಲ್ಲಿ ಒಂದು ನಂಬರ್ ಇಡಬಹುದು, ಎಕ್ಸ್‌ಟೆನ್ಷನ್‌ನಲ್ಲಿ ಒಂದು ಇಡಬಹುದು, ರೂಟ್‌ನಲ್ಲಿ ಒಂದು ಇಡಬಹುದು. ಎಕ್ಸ್‌ಟೆನ್ಷನ್‌ಗೆ ಬೇರೆ ನಂಬರ್ ಇಟ್ಟಿದ್ದರೆ ಅದು ಟ್ರಂಕ್‌ನದನ್ನು ಮೀರುತ್ತದೆ. ರೂಟ್‌ನಲ್ಲಿ “ಓವರ್‌ರೈಡ್ ಎಕ್ಸ್‌ಟೆನ್ಷನ್”ಗೆ ಹೌದು ಅಂದರೆ ರೂಟ್‌ನದೇ ಗೆಲ್ಲುತ್ತದೆ. ನನ್ನ ಪ್ರಕಾರ ರೂಟ್‌ನಲ್ಲಿ ಖಾಲಿ ಬಿಟ್ಟು, ಟ್ರಂಕ್‌ನಲ್ಲಿ ಮಂಡಿಯ ಮುಖ್ಯ ನಂಬರ್ ಇಟ್ಟು, ಸಾಹುಕಾರರ 201ಕ್ಕೆ ಮಾತ್ರ ಅವರ ನೇರ ನಂಬರ್ ಇಟ್ಟರೆ ಸಾಕು. ತಾಮ್ರದ ಲೈನ್‌ನಲ್ಲಿ ಇದ್ಯಾವುದೂ ನಡೆಯುವುದಿಲ್ಲ, ಆ ಲೈನ್‌ನ ನಂಬರೇ ಕಾಣುತ್ತದೆ.

ನಿಮಗೆ ಕೊಟ್ಟ ನಂಬರ್ ಬಿಟ್ಟು ಬೇರೆಯದನ್ನು ತೋರಿಸಲು ಹೋಗಬೇಡಿ. ಕಂಪನಿ ಕರೆಯನ್ನು ತಿರಸ್ಕರಿಸುತ್ತದೆ ಅನ್ನುವುದು ಒಂದು ಕಡೆ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಇಂಥ ಗುರುತು ತಿರುಚುವುದು ಶಿಕ್ಷೆ ಇರುವ ಅಪರಾಧ ಕೂಡ. “ಹೊಸ ಬೀಜ ಬಂದಿದೆ, ಆಫರ್ ಇದೆ” ಅಂತ ನೂರಾರು ರೈತರಿಗೆ ಪ್ರಚಾರದ ಕರೆ ಮಾಡುವ ಯೋಚನೆ ಇದ್ದರೆ ಅದಕ್ಕೆ ನೋಂದಣಿ ಮಾಡಿಸಿ 140ರಿಂದ ಶುರುವಾಗುವ ನಂಬರ್ ತಗೊಳ್ಳಬೇಕು. ಮಾಮೂಲಿ ನಂಬರ್‌ನಿಂದ ಮಾಡಿದರೆ ಲೈನ್‌ಗಳನ್ನೇ ಕಡಿದುಹಾಕುತ್ತಾರೆ.

ಪರೀಕ್ಷೆ, ಆಫೀಸ್ ಮುಚ್ಚಿದ ಮೇಲೆ

ನೋಟ್‌ಬುಕ್ ತೆಗೆಯಿರಿ. ಅದರಲ್ಲಿ ಬರೆದ ಒಂದೊಂದು ರೀತಿಯಲ್ಲೂ ಒಂದೊಂದು ಕರೆ ಮಾಡಿ, ಟಿಕ್ ಹಾಕುತ್ತಾ ಹೋಗಿ. ನಿಮ್ಮ ಮೊಬೈಲ್‌ಗೆ ಹತ್ತು ಅಂಕಿ, ಒಂದು ಸೊನ್ನೆ, ಎರಡು ಸೊನ್ನೆ, ಮೂರೂ. ಪ್ರತಿ ಸಲ ಯಾವ ನಂಬರ್ ಕಾಣುತ್ತದೆ ಅಂತ ಬರೆದುಕೊಳ್ಳಿ. ಆಮೇಲೆ ಸಿಪ್ ಟ್ರಂಕ್‌ನ ಕೇಬಲ್ ಕಿತ್ತು ಮತ್ತೆ ಅದೇ ಮೂರು. ಈಗ ತಾಮ್ರದ ಲೈನ್‌ನ ನಂಬರ್ ಕಾಣಬೇಕು. ಕಾಣದಿದ್ದರೆ ಎರಡನೇ ಟ್ರಂಕ್ ಹೆಸರಿಗಷ್ಟೇ ಇದೆ ಅಂತ ಅರ್ಥ.

112, 108ಕ್ಕೆ ಪರೀಕ್ಷೆಗಾಗಿ ಕರೆ ಮಾಡಬೇಡಿ. ಆ ಕಡೆ ಕೂತವರಿಗೆ ನಿಜವಾದ ಕೆಲಸ ಇರುತ್ತದೆ. ಬದಲಿಗೆ ಆಸ್ಟರಿಸ್ಕ್ ಕನ್ಸೋಲ್ (ಆದೇಶ ಟೈಪ್ ಮಾಡುವ ಪರದೆ) ತೆರೆದು “ಡಯಲ್‌ಪ್ಲಾನ್ ಶೋ 112@ಫ್ರಮ್-ಇಂಟರ್ನಲ್” ಅನ್ನುವ ಆದೇಶವನ್ನು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಕರೆ ಮಾಡದೆಯೇ ಆ ನಂಬರ್ ಯಾವ ರೂಟ್‌ಗೆ ಹೊಂದುತ್ತದೆ ಅಂತ ತೋರಿಸುತ್ತದೆ. 112ರ ಜಾಗದಲ್ಲಿ ಯಾವ ನಂಬರ್ ಬೇಕಾದರೂ ಹಾಕಿ ನೋಡಬಹುದು. ಗುಮಾಸ್ತರ ಹನ್ನೆರಡು ಅಂಕಿಯನ್ನು ನಾನು ಮೊದಲು ಇಲ್ಲಿಯೇ ಹಾಕಿ ನೋಡಿದ್ದು.

ಹೋಗಬಾರದ ನಂಬರ್‌ಗಳನ್ನೂ ಒತ್ತಿ ನೋಡಿ. 205ರಿಂದ ದುಬೈ ಹೋಗಬಾರದು. 201ರಿಂದ ಶ್ರೀಲಂಕಾ ಹೋಗಬಾರದು. ನಂಬರ್ ಸರಿಯಿಲ್ಲ ಅನ್ನುವ ಇಂಗ್ಲಿಷ್ ದನಿ ಬಂದರೆ ಕೆಲಸ ಸರಿಯಾಗಿದೆ.

ಕರೆ ಹೋಗದಿದ್ದರೆ

ಆ ದನಿ ಏನು ಹೇಳುತ್ತದೆ ಅಂತ ಮೊದಲು ಕೇಳಿಸಿಕೊಳ್ಳಿ. ನಂಬರ್ ಸರಿಯಿಲ್ಲ ಅಂದರೆ ಯಾವ ರೂಟ್‌ಗೂ ಹೊಂದಿಲ್ಲ, ಅಚ್ಚು ನೋಡಿ. ಸರ್ಕ್ಯೂಟ್‌ಗಳೆಲ್ಲ ಬ್ಯುಸಿ ಅಂದರೆ ರೂಟ್ ಹೊಂದಿದೆ, ಟ್ರಂಕ್ ಕೈಕೊಟ್ಟಿದೆ. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು.

ಟ್ರಂಕ್ ಅಂತ ಗೊತ್ತಾದರೆ ಕನ್ಸೋಲ್‌ನಲ್ಲಿ “ಪಿಜೆಸಿಪ್ ಸೆಟ್ ಲಾಗರ್ ಆನ್” ಹಾಕಿ ಒಂದು ಕರೆ ಮಾಡಿ. ಕಂಪನಿಯಿಂದ ಬರುವ ಉತ್ತರದ ಸಂಖ್ಯೆ ನೋಡಿ. 404 ಬಂದರೆ ಬಹುಪಾಲು ನಂಬರ್‌ನ ರೂಪ ಅವರಿಗೆ ಹಿಡಿಸಿಲ್ಲ, ಟ್ರಂಕ್‌ನ ನಿಯಮದಲ್ಲಿ ಸೊನ್ನೆ ಅಥವಾ +91 ಹೆಚ್ಚುಕಮ್ಮಿಯಾಗಿದೆ. 403 ಬಂದರೆ ನೀವು ತೋರಿಸಿದ ನಂಬರ್ ನಿಮ್ಮದಲ್ಲ ಅನ್ನುತ್ತಿರಬಹುದು, ಇಲ್ಲವೇ ಐಎಸ್‌ಡಿ ಮುಚ್ಚಿರಬಹುದು. 488 ಬಂದರೆ ಕೋಡೆಕ್ ಹೊಂದಿಲ್ಲ. 486 ಬಂದರೆ ಆ ಕಡೆಯವರು ನಿಜವಾಗಿಯೂ ಬ್ಯುಸಿ. 503 ಬಂದರೆ ಕಂಪನಿಗೆ ಫೋನ್ ಮಾಡಿ. ಅಲ್ಲಿನವರು ಮೊದಲು “ರೌಟರ್ ಆಫ್ ಮಾಡಿ ಆನ್ ಮಾಡಿ” ಅನ್ನುತ್ತಾರೆ, ಮಾಡಿದ್ದೇವೆ ಅಂತ ಹೇಳಿ.

ಕರೆ ಕೂಡುತ್ತದೆ, ಒಂದು ಕಡೆಯ ಮಾತು ಮಾತ್ರ ಕೇಳುತ್ತದೆ ಅಂದರೆ ರೂಟ್‌ನಲ್ಲಿ ಹುಡುಕಬೇಡಿ. ಅದು ಎನ್‌ಎಟಿ (ರೌಟರ್ ಒಳಗಿನ ಐಪಿ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವುದು) ಅಥವಾ ಫೈರ್‌ವಾಲ್‌ನ ಸಮಸ್ಯೆ. ದನಿ ಹೋಗುವ ಯುಡಿಪಿ ಪೋರ್ಟ್‌ಗಳು, ಮಾಮೂಲಿಯಾಗಿ 10000ದಿಂದ 20000, ಮುಚ್ಚಿರುತ್ತವೆ.

ಎಫ್‌ಎಕ್ಸ್‌ಓ ಗೇಟ್‌ವೇ ಬಗ್ಗೆ ಒಂದು ಮಾತು. ತಾಮ್ರದ ಲೈನ್‌ನಲ್ಲಿ ಆ ಕಡೆಯವರು ಎತ್ತಿದರೋ ಇಲ್ಲವೋ ಬಹಳಷ್ಟು ಗೇಟ್‌ವೇಗಳಿಗೆ ತಿಳಿಯುವುದಿಲ್ಲ. ನಂಬರ್ ಒತ್ತಿದ ಕೂಡಲೇ “ಎತ್ತಿದರು” ಅಂತ ಸಿಸ್ಟಂಗೆ ಹೇಳಿಬಿಡುತ್ತವೆ. ಹಾಗಾಗಿ ಸಿಡಿಆರ್ (ಸಿಸ್ಟಂ ಇಡುವ ಕರೆಗಳ ದಾಖಲೆ) ವರದಿಯಲ್ಲಿ ಆ ಲೈನ್‌ನ ನಿಮಿಷಗಳನ್ನು ನಂಬಿ ಯಾರ ಮೇಲೂ ರೇಗಬೇಡಿ ಅಂತ ಸಾಹುಕಾರರಿಗೆ ಮೊದಲೇ ಹೇಳಿಡಿ.

ರಾತ್ರಿ ಕಳ್ಳರು

ಫೋನ್ ಸಿಸ್ಟಂ ಇಂಟರ್‌ನೆಟ್‌ಗೆ ಕಂಡರೆ ದಿನವಿಡೀ ಯಾರೋ ಒಬ್ಬರು ಬಾಗಿಲು ತಳ್ಳಿ ನೋಡುತ್ತಿರುತ್ತಾರೆ. ಒಂದು ಎಕ್ಸ್‌ಟೆನ್ಷನ್‌ನ ಪಾಸ್‌ವರ್ಡ್ ಸಿಕ್ಕರೆ ಸಾಕು, ಶನಿವಾರ ರಾತ್ರಿ ಶುರು ಮಾಡಿ ಸೋಮವಾರ ಬೆಳಿಗ್ಗೆಯವರೆಗೆ ದುಬಾರಿ ಹೊರದೇಶದ ನಂಬರ್‌ಗಳಿಗೆ ಕರೆ ಸುರಿಯುತ್ತಾರೆ. ಬಿಲ್ ನಿಮ್ಮ ಹೆಸರಿಗೆ. ಎಕ್ಸ್‌ಟೆನ್ಷನ್ 201, ಪಾಸ್‌ವರ್ಡ್ 201 ಅಂತ ಇಟ್ಟ ಆಫೀಸ್‌ಗಳನ್ನು ನಾನೇ ನೋಡಿದ್ದೇನೆ. ಸಿಸ್ಟಂ ಕೊಡುವ ಉದ್ದನೆಯ ಪಾಸ್‌ವರ್ಡನ್ನೇ ಇಡಿ. ಆಡಳಿತದ ಪುಟವನ್ನು ಹೊರಗಿನಿಂದ ತೆರೆಯಲು ಬಿಡಬೇಡಿ. ಪದೇ ಪದೇ ತಪ್ಪು ಪಾಸ್‌ವರ್ಡ್ ಹಾಕುವವರನ್ನು ತಡೆಯುವ ಫೇಲ್‌ಟುಬ್ಯಾನ್ ಚಾಲೂ ಇದೆಯೇ ನೋಡಿ. ಐಎಸ್‌ಡಿ ಬೇಡದಿದ್ದರೆ ಕಂಪನಿಗೆ ಪತ್ರ ಕೊಟ್ಟು ಲೈನ್‌ನಲ್ಲೇ ಮುಚ್ಚಿಸಿ, ಆಗ ನಿಮ್ಮ ರೂಟ್ ತಪ್ಪಾದರೂ ಕರೆ ದಾಟುವುದಿಲ್ಲ. ಬೇಕೇಬೇಕು ಅಂದರೆ ಆ ರೂಟ್‌ಗೆ “ಟೈಮ್ ಗ್ರೂಪ್” ಹಾಕಿ. ಮಂಡಿಯಲ್ಲಿ ಬೆಳಿಗ್ಗೆ 9ರಿಂದ ರಾತ್ರಿ 8ರವರೆಗೆ, ಭಾನುವಾರ ಇಲ್ಲ. ಮಗನ ಜೊತೆ ಭಾನುವಾರ ಮಾತಾಡಲು ಸಾಹುಕಾರರಿಗೆ ತಮ್ಮ ಮೊಬೈಲ್ ಇದೆ.

ಕರೆಂಟ್ ಹೋದಾಗ ಏನು ಅಂತಲೂ ಯೋಚಿಸಿ. ಸರ್ವರ್‌ಗೆ ಯುಪಿಎಸ್ ಕೊಟ್ಟು ಫೋನ್‌ಗಳಿಗೆ ಕರೆಂಟ್ ಕೊಡುವ ಸ್ವಿಚ್‌ಗೆ ಕೊಡದೆ ಬಿಟ್ಟರೆ ಪ್ರಯೋಜನವಿಲ್ಲ. ಫೈಬರ್ ಡಬ್ಬಕ್ಕೂ ಬೇಕು. ಚಿತ್ರದುರ್ಗದ ಶಾಖೆಯಲ್ಲಿ ನೆಟ್ ಹೋದರೆ ನಾಲ್ಕೂ ಫೋನ್ ಸತ್ತ ಹಾಗೆ. ಅದಕ್ಕೇ ಅಲ್ಲಿನ ಗೇಟ್‌ವೇ ಪಕ್ಕದಲ್ಲಿ, ಲ್ಯಾಂಡ್‌ಲೈನ್‌ಗೆ ಸಮಾನಾಂತರವಾಗಿ ಒಂದು ಮಾಮೂಲಿ ಫೋನ್ ಸಿಕ್ಕಿಸಿ ಗೋಡೆಗೆ ನೇತುಹಾಕಿದ್ದೇವೆ. ಅದರಲ್ಲಿ ಹೊರಗಿನ ಲೈನ್‌ಗೆ ಅಂತ ಸೊನ್ನೆ ಒತ್ತಬಾರದು ಅಂತ ಮಾರ್ಕರ್‌ನಲ್ಲಿ ಬರೆದು ಅಂಟಿಸಿದೆ.

ಕೊನೆಯದಾಗಿ, “ಅಡ್ಮಿನ್” ಮೆನುವಿನ “ಬ್ಯಾಕಪ್”ನಿಂದ ಒಂದು ಪ್ರತಿ ತೆಗೆದು ಸರ್ವರ್ ಬಿಟ್ಟು ಬೇರೆ ಕಡೆ ಇಡಿ. ನೋಟ್‌ಬುಕ್ಕನ್ನೂ ಆಫೀಸಿನಲ್ಲೇ ಬಿಟ್ಟು ಬನ್ನಿ, ರೂಟ್‌ಗಳ ಹೆಸರು ಮತ್ತು ಕ್ರಮ ಅದರ ಕೊನೇ ಪುಟದಲ್ಲಿರಲಿ. ಒಂದು ವಾರ ಬಿಟ್ಟು ಮತ್ತೆ ಹೋಗಿ ಸಿಡಿಆರ್‌ನಲ್ಲಿ ಫೇಲ್ ಆದ ಕರೆಗಳನ್ನು ನೋಡಿ. ನಾನು ನೋಡಿದಾಗ ಹಮಾಲರ ಮೇಸ್ತ್ರಿಯ ಹತ್ತಿರ ಇರುವ 209ರಿಂದ ದಿನಕ್ಕೆ ನಾಲ್ಕೈದು ಸಲ 9 ಒತ್ತಿ ಆಮೇಲೆ ಮೊಬೈಲ್ ನಂಬರ್ ಒತ್ತಿದ್ದು ಕಂಡಿತು. ಕೇಳಿದರೆ, ಅವರು ಮೊದಲಿದ್ದ ರೈಸ್‌ಮಿಲ್‌ನಲ್ಲಿ ಹೊರಗಿನ ಲೈನ್‌ಗೆ 9 ಒತ್ತಬೇಕಿತ್ತಂತೆ. ಪ್ರಿಫಿಕ್ಸ್ 9, ಪ್ರಿಪೆಂಡ್ 0, ಮ್ಯಾಚ್ [6-9] ಮತ್ತು ಒಂಬತ್ತು ಎಕ್ಸ್, ಕಾಲರ್‌ಐಡಿ 209. “ಹಳೇ ಅಭ್ಯಾಸ” ರೂಟ್‌ನಲ್ಲಿ ಇನ್ನೊಂದು ಸಾಲು.